ಬೆಂಗಳೂರು–ಮಂಗಳೂರು ವಿಮಾನಯಾನ: ದೂರ ಮತ್ತು ಅವಧಿ, ಮೂಡಲಪಾಳ್ಯದ ಲೆಕ್ಕದಲ್ಲಿ

ಬೆಂಗಳೂರಿಗೂ ಮಂಗಳೂರಿಗೂ ನಡುವಣ ವೈಮಾನಿಕ ದೂರ ಸುಮಾರು 307 ಕಿಲೋಮೀಟರ್. ವೈಮಾನಿಕರ ಭಾಷೆಯಲ್ಲಿ ಹೇಳುವುದಾದರೆ 166 ನಾಟಿಕಲ್ ಮೈಲಿ. ಈ ಹಾರಾಟಕ್ಕೆ ವೇಳಾಪಟ್ಟಿಯಲ್ಲಿ ಕೊಡುವ ಅವಧಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಎರಡು ಅಂಕಿಗಳೂ ಸರಿಯಾದವೇ. ಆದರೆ ಇವು ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಬಜ್ಪೆಯ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಸಂಬಂಧಪಟ್ಟ ಅಂಕಿಗಳು. ಮನೆಯಿಂದ ಮನೆಗೆ ಹೋಗುವವರ ಅಂಕಿಗಳಲ್ಲ. ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯ, ನಾಗರಬಾವಿ, ವಿಜಯನಗರ, ಚಂದ್ರಾ ಲೇಔಟ್ ಕಡೆಯವರಿಗೆ ಈ ಅಂತರ ಹೆಚ್ಚು ತಟ್ಟುತ್ತದೆ. ಅವರಿಗೆ ಮಂಗಳೂರು ಇರುವುದು ನೇರ ಪಶ್ಚಿಮಕ್ಕೆ, ವಿಮಾನ ಹತ್ತಬೇಕಾದ ಜಾಗ ಇರುವುದು ಈಶಾನ್ಯಕ್ಕೆ. ಮೊದಲು ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರ ಸರಿದು, ಆಮೇಲೆ ವಿಮಾನದಲ್ಲಿ ಅಷ್ಟನ್ನೂ ಮರಳಿ ದಾಟಿ ಮುಂದಕ್ಕೆ ಹೋಗಬೇಕು. ಆದ್ದರಿಂದ ಈ ಮಾರ್ಗದ ದೂರ ಮತ್ತು ಕಾಲವನ್ನು ಮೂಡಲಪಾಳ್ಯದಲ್ಲಿ ನಿಂತು ಅಳೆದರೆ ದೊರೆಯುವ ಚಿತ್ರವೇ ಬೇರೆ.

ದೂರವನ್ನು ಅಳೆಯುವ ಬಗೆ

ಭೂಮಿ ಗೋಳಾಕಾರ. ಹಾಗಾಗಿ ಅದರ ಮೇಲಿನ ಎರಡು ಬಿಂದುಗಳ ನಡುವಣ ಅತಿ ಕಿರಿದಾದ ಹಾದಿ ಭೂಪಟದಲ್ಲಿ ಎಳೆದ ನೇರ ಗೆರೆಯಲ್ಲ, ಮಹಾವೃತ್ತದ ಒಂದು ಕಂಸ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ತ್ರಿಕೋನಮಿತಿಯ ಸೂತ್ರದಿಂದ ಈ ಕಂಸದ ಉದ್ದವನ್ನು ಲೆಕ್ಕ ಹಾಕಬಹುದು. ಊರು ಊರುಗಳ ನಡುವಣ ವೈಮಾನಿಕ ದೂರ ಎಂದು ಎಲ್ಲೆಡೆ ಕಾಣುವ ಅಂಕಿ ಬರುವುದು ಹೀಗೆಯೇ.

ಬೆಂಗಳೂರು–ಮಂಗಳೂರು ಮಾರ್ಗದ ಲೆಕ್ಕಕ್ಕೆ ಕಂಪ್ಯೂಟರ್ ಕೂಡ ಬೇಡ, ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸಾಕು. ಕೆಂಪೇಗೌಡ ನಿಲ್ದಾಣ ಇರುವುದು 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬಜ್ಪೆ ಇರುವುದು 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿ. ಈ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108.5 ಕಿ.ಮೀ. ಬರುತ್ತದೆ. ಪೂರ್ವ–ಪಶ್ಚಿಮವಾಗಿ ಇರುವ ಅಂತರ 305 ಕಿ.ಮೀ. ಚಿಲ್ಲರೆ, ಉತ್ತರ–ದಕ್ಷಿಣವಾಗಿ ಬರೀ 26 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 307ರ ಹತ್ತಿರಕ್ಕೆ ಬರುತ್ತೇವೆ. ಇಷ್ಟು ಸಣ್ಣ ದೂರದಲ್ಲಿ ಭೂಮಿಯ ಬಾಗು ಲೆಕ್ಕವನ್ನು ಏರುಪೇರು ಮಾಡುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಂದ ಈ ಲೆಕ್ಕ ಮಾಡಿಸಿದರೆ ಅಕ್ಷಾಂಶ–ರೇಖಾಂಶ ಎಂಬುದು ಪಾಠಪುಸ್ತಕದ ಗೆರೆಯಾಗಿ ಉಳಿಯದೆ ಕೈಗೆ ಸಿಗುವ ವಸ್ತುವಾಗುತ್ತದೆ.

ನಾಟಿಕಲ್ ಮೈಲಿಯ ಹುಟ್ಟೂ ಇಲ್ಲೇ ಇದೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಬರುವ ನೆಲದ ಉದ್ದವೇ ಒಂದು ನಾಟಿಕಲ್ ಮೈಲಿ. ಈಗ ಅದನ್ನು 1.852 ಕಿ.ಮೀ. ಎಂದು ನಿಗದಿ ಮಾಡಲಾಗಿದೆ. ಹಡಗಿನವರು ಬಳಸುತ್ತಿದ್ದ ಈ ಅಳತೆಯನ್ನು ವಿಮಾನದವರು ಹಾಗೆಯೇ ಉಳಿಸಿಕೊಂಡರು. ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗವೇ ಒಂದು ನಾಟ್.

ಇದೇ ಲೆಕ್ಕವನ್ನು ಮೂಡಲಪಾಳ್ಯದಿಂದ ಮಾಡಿದರೆ ಅಲ್ಲಿಂದ ಬಜ್ಪೆಗೆ ನೇರ ದೂರ ಸುಮಾರು 286 ಕಿ.ಮೀ. ಅದು ಹೆಚ್ಚುಕಡಿಮೆ ಬಜ್ಪೆಯ ಅಕ್ಷಾಂಶದಲ್ಲೇ ಇರುವ ಬಡಾವಣೆ. ಅಲ್ಲಿಂದ ಪಶ್ಚಿಮಕ್ಕೆ ಗೆರೆ ಎಳೆದರೆ ಬಜ್ಪೆಯ ಹತ್ತಿರಕ್ಕೇ ಹೋಗಿ ಮುಟ್ಟುತ್ತದೆ. ಅದೇ ಮೂಡಲಪಾಳ್ಯದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹಕ್ಕಿ ಹಾರುವ ದೂರವೇ 32 ಕಿ.ಮೀ., ರಸ್ತೆಯಲ್ಲಿ 40 ಕಿ.ಮೀ.ನಷ್ಟು.

ಗೆರೆಯ ಕೆಳಗಿನ ನೆಲ

ದೇವನಹಳ್ಳಿಯಿಂದ ಬಜ್ಪೆಗೆ ಎಳೆದ ಗೆರೆ ನೆಲಮಂಗಲವನ್ನು ಎಡಕ್ಕೆ ಬಿಟ್ಟು, ಕುಣಿಗಲ್ಲಿಗೂ ತುಮಕೂರಿಗೂ ನಡುವೆ ಹಾದು, ಹಾಸನಕ್ಕೂ ಬೇಲೂರಿಗೂ ನಡುವೆ ಸಾಗುತ್ತದೆ. ಆಮೇಲೆ ಸಕಲೇಶಪುರ ಎಡಕ್ಕೆ, ಮೂಡಿಗೆರೆ ಬಲಕ್ಕೆ. ಅಲ್ಲಿಂದ ಮುಂದೆ ಘಟ್ಟ ಒಮ್ಮೆಲೇ ಕುಸಿಯುತ್ತದೆ. ಚಾರ್ಮಾಡಿಯ ದಕ್ಷಿಣಕ್ಕೆ ಇಳಿದು ಬೆಳ್ತಂಗಡಿಯ ನೆತ್ತಿಯ ಮೇಲೆ ಹಾಯ್ದು ಗೆರೆ ಬಜ್ಪೆಗೆ ಸೇರುತ್ತದೆ. ವಿಮಾನ ಇದೇ ಗೆರೆಯ ಮೇಲೆ ಕಟ್ಟುನಿಟ್ಟಾಗಿ ಹಾರುವುದಿಲ್ಲ. ನಿಗದಿಯಾದ ವಾಯುಮಾರ್ಗಗಳು, ನಿಯಂತ್ರಣ ಕೇಂದ್ರದ ಸೂಚನೆ, ಮೋಡ ಎಲ್ಲವೂ ಅದನ್ನು ಅತ್ತಿತ್ತ ಸರಿಸುತ್ತವೆ. ಆದರೂ ಆಕಾಶ ತಿಳಿಯಾಗಿರುವ ಚಳಿಗಾಲದ ಬೆಳಿಗ್ಗೆ ಕಿಟಕಿಯ ಪಕ್ಕ ಕೂತವರಿಗೆ ಈ ಪ್ರಯಾಣ ಕರ್ನಾಟಕದ ಭೂಗೋಳವನ್ನು ಒಂದೇ ಹಾಳೆಯಲ್ಲಿ ತೆರೆದಿಡುತ್ತದೆ: ತೆಂಗಿನ ತೋಟಗಳ ನಡುವೆ ಹೊಳೆಯುವ ಕೆರೆಗಳು, ಮಲೆನಾಡಿನ ಕಾಫಿ ತೋಟಗಳ ದಟ್ಟ ಹಸಿರು, ಹುಲ್ಲು ಹೊದ್ದ ಬೆಟ್ಟಗಳ ಅಂಚು, ಆಮೇಲೆ ಕೆಂಪು ಹೆಂಚಿನ ಮನೆಗಳು ಚದುರಿದ ಅಡಿಕೆಯ ಕಣಿವೆಗಳು. ಬಸ್ಸಿನಲ್ಲಿ ರಾತ್ರಿಯಿಡೀ ಕತ್ತಲೆಯಲ್ಲಿ ದಾಟುವ ನಾಡು ಇದೇ.

ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಬಜ್ಪೆಯದು ಸುಮಾರು 100 ಮೀಟರ್. ಹೊರಟ ಎತ್ತರಕ್ಕಿಂತ ಎಂಟುನೂರು ಮೀಟರ್ ಕೆಳಗೆ ಹೋಗಿ ನಿಲ್ಲುವ ಹಾರಾಟ ಇದು. ಎರಡೂ ಊರಿನ ಗಡಿಯಾರ ಒಂದೇ ಆದರೂ ಸೂರ್ಯನ ಲೆಕ್ಕ ಬೇರೆ. ರೇಖಾಂಶದ ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಸೂರ್ಯ ನೆತ್ತಿಗೆ ಬರುವುದು ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸುಮಾರು ಹನ್ನೊಂದು ನಿಮಿಷ ತಡ.

ಒಂದು ಗಂಟೆ ಎಲ್ಲಿ ಕಳೆಯುತ್ತದೆ

ಏರ್‌ಬಸ್ ಎ-320 ಜಾತಿಯ ಜೆಟ್ ವಿಮಾನ ಪೂರ್ಣ ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುತ್ತದೆ. ಆ ಲೆಕ್ಕದಲ್ಲಿ 307 ಕಿ.ಮೀ. ದಾಟಲು 22 ನಿಮಿಷ ಸಾಕು. ಹಾಗಿದ್ದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೀರಿ ಏಕೆ?

ಮೊದಲ ಕಾರಣ, ಇಷ್ಟು ಕಿರಿದಾದ ಹಾದಿಯಲ್ಲಿ ವಿಮಾನ ಪೂರ್ಣ ಎತ್ತರಕ್ಕೆ ಏರಿ ಅಲ್ಲಿ ನೆಲೆ ನಿಲ್ಲುವುದೇ ಇಲ್ಲ. ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಸಮಸಂಖ್ಯೆಯ ಎತ್ತರಗಳು, ಪೂರ್ವಕ್ಕೆ ಬರುವವಕ್ಕೆ ಬೆಸಸಂಖ್ಯೆಯವು ಎಂಬುದು ನಿಯಮ. ಮಂಗಳೂರಿಗೆ ಹೋಗುವ ವಿಮಾನ 24,000 ಅಡಿಗೆ ಏರಿತು ಎಂದುಕೊಳ್ಳೋಣ. ಅಷ್ಟು ಏರುವಷ್ಟರಲ್ಲಿ ಸುಮಾರು 65 ನಾಟಿಕಲ್ ಮೈಲಿ ಮುಗಿದಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳು ಬಾಯಿಲೆಕ್ಕದಲ್ಲಿ ಬಳಸುವ ಸೂತ್ರವೊಂದಿದೆ: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ಆ ಪ್ರಕಾರ 24,000 ಅಡಿಯಿಂದ ಬಜ್ಪೆಯ ಮಟ್ಟಕ್ಕೆ ಇಳಿಯಲು 70 ಮೈಲಿಗೂ ಹೆಚ್ಚು ಬೇಕು. 166ರಲ್ಲಿ ಇವೆರಡನ್ನೂ ಕಳೆದರೆ ಸಮತಟ್ಟಾಗಿ ಹಾರಲು ಉಳಿಯುವುದು ಸುಮಾರು ಮೂವತ್ತು ಮೈಲಿ, ಅಂದರೆ ನಾಲ್ಕು ನಿಮಿಷದ ಮಾತು. ಅಷ್ಟರಲ್ಲಿ ಗಗನಸಖಿಯರು ನೀರಿನ ಬಾಟಲಿ ಹಂಚಿ, ಖಾಲಿ ಕಪ್ಪುಗಳನ್ನು ಮರಳಿ ಎತ್ತಿಕೊಳ್ಳಬೇಕು. 10,000 ಅಡಿಗಿಂತ ಕೆಳಗೆ ವೇಗ 250 ನಾಟ್ ಮೀರಬಾರದು ಎಂಬ ಮಿತಿಯೂ ಸೇರಿ, ನೆಲ ಬಿಟ್ಟು ನೆಲ ಮುಟ್ಟುವ ತನಕ ನಲವತ್ತು ನಿಮಿಷದಷ್ಟಾಗುತ್ತದೆ.

ಪ್ರೊಪೆಲ್ಲರ್ ಇರುವ ಎಟಿಆರ್-72 ವಿಮಾನದ ವೇಗ ಗಂಟೆಗೆ 500 ಕಿ.ಮೀ. ಸುತ್ತಮುತ್ತ. ದೂರದ ಹಾರಾಟದಲ್ಲಿ ಜೆಟ್ಟಿನ ಮುಂದೆ ಅದು ಬಹಳ ಹಿಂದೆ ಬೀಳುತ್ತದೆ. ಆದರೆ ಈ ಮಾರ್ಗದಲ್ಲಿ ಎರಡಕ್ಕೂ ಹೆಚ್ಚೆಂದರೆ ಹತ್ತು ನಿಮಿಷದ ವ್ಯತ್ಯಾಸ. ಇಂಧನವಂತೂ ಎಟಿಆರ್‌ಗೆ ಗಣನೀಯವಾಗಿ ಕಡಿಮೆ ಸಾಕು. ಮುನ್ನೂರು, ನಾನೂರು ಕಿಲೋಮೀಟರಿನ ಮಾರ್ಗಗಳಿಗೆ ಹೇಳಿ ಮಾಡಿಸಿದ ವಿಮಾನ ಅದು. ಅದರ ಸದ್ದಿಗೆ, ಕುಲುಕಾಟಕ್ಕೆ ಮುಖ ಸಿಂಡರಿಸುವವರು ಈ ಲೆಕ್ಕವನ್ನೂ ಗಮನಿಸಬೇಕು.

ಎರಡನೆಯ ಕಾರಣ ರನ್‌ವೇಯ ದಿಕ್ಕು. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳೂ ತಲಾ 4,000 ಮೀಟರ್ ಉದ್ದ, ಎರಡೂ ಪೂರ್ವ–ಪಶ್ಚಿಮವಾಗಿ ಮಲಗಿವೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನ ಪಶ್ಚಿಮಕ್ಕೇ ಮುಖ ಮಾಡಿ ಏರುತ್ತದೆ, ಮಂಗಳೂರಿನ ಹಾದಿ ನೇರ ಸಿಗುತ್ತದೆ. ಚಳಿಗಾಲದಲ್ಲಿ ಪೂರ್ವದ ಗಾಳಿ. ಆಗ ವಿಮಾನ ಹೊಸಕೋಟೆಯ ಕಡೆಗೆ ಏರಿ, ದೊಡ್ಡ ಸುತ್ತು ಹಾಕಿ ಹಿಂತಿರುಗಬೇಕು. ಗಾಳಿಯ ತಳ್ಳಾಟದಿಂದ ಈ ಮಾರ್ಗದಲ್ಲಿ ಹೆಚ್ಚುಕಡಿಮೆಯಾಗುವುದು ಕೆಲವೇ ನಿಮಿಷ. ಸುತ್ತು ಹಾಕುವುದರಿಂದ ಆಗುವ ವ್ಯತ್ಯಾಸವೂ ಅಷ್ಟೇ ಇರುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ವೇಳಾಪಟ್ಟಿಯ ಅವಧಿ ಹಾರಾಟದ ಅವಧಿಯಲ್ಲ. ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡೆಯನ್ನು ತೆಗೆದ ಗಳಿಗೆಯಿಂದ, ಮುಂದಿನ ಊರಿನಲ್ಲಿ ಮತ್ತೆ ಅಡ್ಡೆ ಕೊಡುವ ಗಳಿಗೆಯವರೆಗೆ ಆ ಲೆಕ್ಕ. ಹಿಂದಕ್ಕೆ ತಳ್ಳಿಸಿಕೊಂಡು, ಎಂಜಿನ್ ಚಾಲೂ ಮಾಡಿ, ರನ್‌ವೇಯ ತುದಿಗೆ ನಿಧಾನವಾಗಿ ಉರುಳಿ, ಮುಂದೆ ನಿಂತ ನಾಲ್ಕೈದು ವಿಮಾನಗಳ ಹಿಂದೆ ಸರದಿ ಕಾಯುವುದೆಲ್ಲ ಅದರೊಳಗೇ ಬರುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಇದಕ್ಕೇ ಕಾಲು ಗಂಟೆ, ಇಪ್ಪತ್ತು ನಿಮಿಷ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಮುಟ್ಟುವ ಹೆಸರು ಉಳಿಸಿಕೊಳ್ಳಲು ವಿಮಾನ ಕಂಪನಿಗಳು ಇನ್ನಷ್ಟು ನಿಮಿಷಗಳನ್ನು ಕೈಯಲ್ಲಿ ಇಟ್ಟುಕೊಂಡೇ ವೇಳಾಪಟ್ಟಿ ಬರೆಯುತ್ತವೆ. "ಹತ್ತು ನಿಮಿಷ ಮೊದಲೇ ತಲುಪಿದ್ದೇವೆ" ಎಂಬ ಘೋಷಣೆಯ ಹಿಂದೆ ಇರುವುದು ಬಹುಪಾಲು ಇದೇ.

ಬಜ್ಪೆಯ ಗುಡ್ಡ

ಮಂಗಳೂರಿನ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಗುಡ್ಡದ ತಲೆಯನ್ನು ಸವರಿ ಮಾಡಿದ ನಿಲ್ದಾಣ ಇದು. ರನ್‌ವೇಯ ತುದಿಗಳಲ್ಲಿ ನೆಲ ಒಮ್ಮೆಲೇ ಕಣಿವೆಗೆ ಜಾರುತ್ತದೆ. ಇಂಥದ್ದನ್ನು ಟೇಬಲ್‌ಟಾಪ್ ರನ್‌ವೇ ಎನ್ನುತ್ತಾರೆ. ಮೊದಲಿನ ರನ್‌ವೇಯ ಉದ್ದ 1,600 ಮೀಟರಿನಷ್ಟು ಮಾತ್ರ. 1981ರ ಆಗಸ್ಟಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಎಚ್‌ಎಸ್-748 ವಿಮಾನ ಒದ್ದೆ ರನ್‌ವೇಯಲ್ಲಿ ಮುಂದಕ್ಕೆ ಜಾರಿ ಕಣಿವೆಯ ಅಂಚಿನಲ್ಲಿ ನಿಂತಿತು. 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ, ಕೆಂಜಾರಿನ ಕಡೆಯ ಹೊಸ ಟರ್ಮಿನಲ್ 2010ರ ಮೇ ತಿಂಗಳಲ್ಲಿ.

ಅದೇ ತಿಂಗಳ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಬದುಕಿ ಬಂದವರು ಎಂಟು ಜನ. ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಆರಿಲ್ಲ. ದೂರ ಮತ್ತು ಎತ್ತರದ ಲೆಕ್ಕ ಎಷ್ಟು ಗಂಭೀರವಾದದ್ದು ಎಂಬುದನ್ನು ಆ ದುರಂತದ ತನಿಖಾ ವರದಿ ತೋರಿಸುತ್ತದೆ. ಮಂಗಳೂರಿನ ರಾಡಾರ್ ಆ ದಿನ ಕೆಲಸ ಮಾಡುತ್ತಿರಲಿಲ್ಲ, ಹೀಗಾಗಿ ವಿಮಾನಕ್ಕೆ ಇಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ಇರಬೇಕಾದ ಎತ್ತರಕ್ಕಿಂತ ಮೇಲಿದ್ದ ವಿಮಾನವನ್ನು ಮತ್ತೆ ಮೇಲಕ್ಕೆ ಒಯ್ಯದೆ ಇಳಿಸಲು ಹೋದದ್ದೇ ನೇರ ಕಾರಣ ಎಂದು ತನಿಖೆ ಹೇಳಿತು. ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದರು. ಹೀಗಾಗಿ ಮಳೆಗಾಲದಲ್ಲಿ ಬಜ್ಪೆಯ ಗುಡ್ಡಕ್ಕೆ ಮೋಡ ಕವಿದಾಗ ಪೈಲಟ್ ಸುತ್ತು ಹಾಕಿ ಕಾದರೆ, ಅಥವಾ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿದರೆ, ಒಳಗೆ ಕೂತವರು ಗೊಣಗಬಾರದು. ಹಾಗೆ ಕಳೆದ ಹೊತ್ತು ವ್ಯರ್ಥವಾದದ್ದಲ್ಲ.

ಬೆಂಗಳೂರಿನಲ್ಲಿ ಕಾಟ ಕೊಡುವುದು ಮಂಜು. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ದೇವನಹಳ್ಳಿಯ ಬಯಲನ್ನು ಮಂಜು ಮುಚ್ಚುತ್ತದೆ, ಮುಂಜಾನೆಯ ವಿಮಾನಗಳು ಸಾಲಾಗಿ ತಡವಾಗುತ್ತವೆ. 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂದ ಎರಡನೆಯ ರನ್‌ವೇಯಲ್ಲಿ ಕಡಿಮೆ ಗೋಚರತೆಯಲ್ಲೂ ಇಳಿಯಲು ನೆರವಾಗುವ ಕ್ಯಾಟ್-3ಬಿ ವ್ಯವಸ್ಥೆ ಇದೆ. ಅದರಿಂದ ತೊಂದರೆ ತಗ್ಗಿದೆ, ಪೂರ್ತಿ ನಿಂತಿಲ್ಲ.

ಎಚ್‌ಎಎಲ್‌ನಿಂದ ದೇವನಹಳ್ಳಿಗೆ

2008ರ ಮೇ ತಿಂಗಳವರೆಗೆ ಬೆಂಗಳೂರಿನವರು ವಿಮಾನ ಹತ್ತುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನೊಂದಿಗೆ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ನಿಲ್ದಾಣ ಅದು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ, ಅಗ್ಗದ ಟಿಕೆಟ್ಟಿನಲ್ಲಿ ಎಟಿಆರ್ ವಿಮಾನಗಳನ್ನು ಸಣ್ಣ ಊರುಗಳಿಗೆ ಓಡಿಸಿದಾಗ, ಅಲ್ಲಿಯವರೆಗೆ ವಿಮಾನದ ಮೆಟ್ಟಿಲು ಹತ್ತದಿದ್ದ ಎಷ್ಟೋ ಮನೆಗಳ ಹಿರಿಯರು ಮೊದಲ ಬಾರಿ ಹಾರಿದ್ದು ಅಲ್ಲಿಂದಲೇ.

ಹೊಸ ನಿಲ್ದಾಣ 2008ರ ಮೇ 24ರಂದು ಬಳಕೆಗೆ ಬಂತು. ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಈ ಸ್ಥಳಾಂತರವನ್ನು ಎರಡು ಬಗೆಯ ದೂರದಲ್ಲಿ ಅಳೆದು ನೋಡಬೇಕು. ಎಚ್‌ಎಎಲ್‌ನಿಂದ ಬಜ್ಪೆಗೆ ವೈಮಾನಿಕ ದೂರ ಸುಮಾರು 301 ಕಿ.ಮೀ. ಇತ್ತು, ಈಗ 307. ಆಕಾಶದಲ್ಲಿ ಹೆಚ್ಚಿದ್ದು ಆರು ಕಿಲೋಮೀಟರ್, ಅರ್ಧ ನಿಮಿಷದ ಮಾತು. ನೆಲದ ಮೇಲೆ ಮಾತ್ರ ಮೂಡಲಪಾಳ್ಯದವರ ದಾರಿ ಇಪ್ಪತ್ತು ಕಿಲೋಮೀಟರಿನಿಂದ ನಲವತ್ತಕ್ಕೆ ಏರಿತು. ವೈಮಾನಿಕ ದೂರದ ಕೋಷ್ಟಕದಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಮೂಡಲಪಾಳ್ಯದಿಂದ ಹೊರಟವರು ನಾಗರಬಾವಿ ಸರ್ಕಲ್ ಬಳಿ ರಿಂಗ್ ರೋಡ್ ಹಿಡಿಯುತ್ತಾರೆ. ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್ ದಾಟಿ ಹೆಬ್ಬಾಳ, ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕ, ಸಾದಹಳ್ಳಿ ಟೋಲ್, ಆಮೇಲೆ ನಿಲ್ದಾಣ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಒಂದು ಗಂಟೆಯೊಳಗೆ ಮುಟ್ಟಬಹುದು. ಎಂಟರ ಮೇಲೆ ಹೊರಟರೆ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಲಾರಿಗಳ ನಡುವೆ ಒಮ್ಮೆ, ಹೆಬ್ಬಾಳದ ಮೇಲ್ಸೇತುವೆಗೆ ಏರುವ ಮುಂಚೆ ಇನ್ನೊಮ್ಮೆ ಸಿಕ್ಕಿಕೊಳ್ಳುವುದು ತಪ್ಪುವುದಿಲ್ಲ. ಒಂದೂವರೆ ಗಂಟೆ ಸಾಮಾನ್ಯ, ಮಳೆ ಬಂದರೆ ಎರಡು. ಹೆಬ್ಬಾಳ ದಾಟಿದ ಮೇಲೆ ಮಾತ್ರ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತವರು ಮೊಬೈಲಿನ ಗಡಿಯಾರ ನೋಡುವುದನ್ನು ಬಿಡುತ್ತಾರೆ. ಬಿಎಂಟಿಸಿಯ ವಾಯು ವಜ್ರ ಬಸ್ಸಿಗೆ ಹೋಗುವವರು ಅತ್ತಿಗುಪ್ಪೆ ಅಥವಾ ವಿಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯುವುದು ಒಳ್ಳೆಯದು. ಖರ್ಚು ಕ್ಯಾಬಿಗಿಂತ ಬಹಳ ಕಡಿಮೆ, ಹೊತ್ತು ಅಷ್ಟೇ ಹಿಡಿಯುತ್ತದೆ. ಮೆಟ್ರೊದ ನೀಲಿ ಮಾರ್ಗ ಹೆಬ್ಬಾಳದ ಮೂಲಕ ನಿಲ್ದಾಣ ಮುಟ್ಟಿದರೂ ಅದು ಬರುವುದು ಸಿಲ್ಕ್ ಬೋರ್ಡ್, ಕೆ.ಆರ್. ಪುರದ ಕಡೆಯಿಂದ. ನಗರದ ಪೂರ್ವ ಭಾಗಕ್ಕೆ ಆಗುವಷ್ಟು ಉಪಕಾರ ಪಶ್ಚಿಮಕ್ಕೆ ಆಗದು.

ನಿಲ್ದಾಣದೊಳಗಿನ ಕಾಲ ಬೇರೆ. ದೇಶದೊಳಗಿನ ಹಾರಾಟಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. 2022ರ ಡಿಸೆಂಬರಿನಲ್ಲಿ ಬಂದ, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆಯಿಂದ ಬಾಗಿಲಿನ ಸಾಲು ಚುರುಕಾಗಿದೆ. ಬ್ಯಾಗು ಒಪ್ಪಿಸುವ, ತಪಾಸಣೆಯ ಸಾಲುಗಳು ಇದ್ದೇ ಇವೆ. ಇಳಿದ ಮೇಲೆ ಬಜ್ಪೆಯಿಂದ ಮಂಗಳೂರು ನಗರದ ನಡುವಿನ ಹಂಪನಕಟ್ಟೆಗೆ ಹದಿಮೂರು ಕಿ.ಮೀ.ನಷ್ಟು ಅಂಕುಡೊಂಕಿನ ರಸ್ತೆ.

ಒಂಬತ್ತೂವರೆಯ ವಿಮಾನ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಆರೂವರೆಗೆ ಮನೆ ಬಿಡಬೇಕು, ಎಂಟಕ್ಕೆ ನಿಲ್ದಾಣ. ಹತ್ತೂ ಮೂವತ್ತೈದಕ್ಕೆ ಬಜ್ಪೆ, ಬ್ಯಾಗು ಎತ್ತಿಕೊಂಡು ಹೊರಬರುವಾಗ ಹನ್ನೊಂದು, ಹಂಪನಕಟ್ಟೆ ಮುಟ್ಟುವಾಗ ಹನ್ನೊಂದೂ ನಲವತ್ತು. ಒಟ್ಟು ಐದು ಗಂಟೆ ಹತ್ತು ನಿಮಿಷ. ಅದರಲ್ಲಿ ಗಾಳಿಯಲ್ಲಿ ಇದ್ದದ್ದು ನಲವತ್ತು ನಿಮಿಷ. ಮೂಡಲಪಾಳ್ಯದಿಂದ ಹಂಪನಕಟ್ಟೆಗೆ ನೇರ ದೂರ 290 ಕಿ.ಮೀ. ಎಂದು ಹಿಡಿದರೆ ಇಡೀ ಪ್ರಯಾಣದ ಸರಾಸರಿ ವೇಗ ಗಂಟೆಗೆ 56 ಕಿ.ಮೀ.

ಬಸ್ಸು ಮತ್ತು ರೈಲು

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಮೂಲಕ ಮಂಗಳೂರಿಗೆ ಸುಮಾರು 350 ಕಿ.ಮೀ. ರಾತ್ರಿ ಬಸ್ಸಿಗೆ ಏಳರಿಂದ ಎಂಟು ಗಂಟೆ. ಪಶ್ಚಿಮ ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲವಿದೆ, ಬಸ್ಸು ಅವರ ಕಡೆಯಿಂದಲೇ ಹೊರಗೆ ಹೋಗುತ್ತದೆ. ನವರಂಗ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಹತ್ತಿ ಮಲಗಿದರೆ ಬೆಳಗಾಗುವಾಗ ಮಂಗಳೂರಿನ ಪಂಪ್‌ವೆಲ್. ಹಗಲಿನ ಐದು ಗಂಟೆಯನ್ನು ಉಳಿಸಿಕೊಡುವ ಪ್ರಯಾಣ ಇದು. ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆಗೆ ಹೋಗುವವರಿಗೆ ವಿಮಾನದಿಂದ ಲಾಭವೇ ಇಲ್ಲ. ಬಜ್ಪೆಯಲ್ಲಿ ಇಳಿದು ಅವರು ಮತ್ತೆ ಬಂದ ದಿಕ್ಕಿಗೇ ಹೊರಡಬೇಕು. ಉಡುಪಿ ಮತ್ತು ಕಾಸರಗೋಡಿನವರಿಗೆ ಹಾಗಲ್ಲ. ಬಜ್ಪೆಯಿಂದ ಅವರ ಊರು ಒಂದೂವರೆ ಗಂಟೆಯ ದಾರಿ, ಇಡೀ ಬಸ್ ಪ್ರಯಾಣಕ್ಕೆ ಹೋಲಿಸಿದರೆ ಉಳಿತಾಯ ಉಂಟು.

ಆದರೆ ಹೆದ್ದಾರಿ ವರ್ಷವಿಡೀ ಕೈಗೆ ಸಿಗುವುದಿಲ್ಲ. ಶಿರಾಡಿ ಘಾಟಿಯನ್ನು ಕಾಂಕ್ರೀಟು ಹಾಕಲು 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು. 2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ರಸ್ತೆಯೂ ರೈಲೂ ಒಟ್ಟಿಗೆ ನಿಂತವು. ಅಂಥ ದಿನಗಳಲ್ಲಿ ಈ ವಿಮಾನ ಮಾರ್ಗವೇ ಕರಾವಳಿಗೂ ರಾಜಧಾನಿಗೂ ಉಳಿಯುವ ಮುಖ್ಯ ಕೊಂಡಿ, ಮತ್ತು ಟಿಕೆಟ್ಟಿನ ಬೆಲೆ ಏರುವುದೂ ಅದೇ ದಿನಗಳಲ್ಲಿ. ಆಸ್ಪತ್ರೆಗೋ ಸಾವಿನ ಮನೆಗೋ ಓಡಬೇಕಾದವರ ಮೇಲೆ ಆ ಭಾರ ಬೀಳುವುದು ನ್ಯಾಯವಲ್ಲ.

ರೈಲು ಎಲ್ಲಕ್ಕಿಂತ ನಿಧಾನ, ಒಂಬತ್ತು ಹತ್ತು ಗಂಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ, ಏರು ಐವತ್ತಕ್ಕೆ ಒಂದು. ಅಲ್ಲಿ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. 2021ರ ಜುಲೈಯಿಂದ ಯಶವಂತಪುರ–ಮಂಗಳೂರು ಹಗಲು ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿದ್ದರಿಂದ, ಆ ನಿಧಾನವನ್ನೇ ಬಯಸಿ ಹೋಗುವವರೂ ಇದ್ದಾರೆ.

ಬೇರೆ ಊರುಗಳ ಲೆಕ್ಕ

ದೂರ ಕಡಿಮೆಯಾದಷ್ಟೂ ಮೂಡಲಪಾಳ್ಯದವರಿಗೆ ವಿಮಾನ ನಿರರ್ಥಕ. ಮೈಸೂರಿಗೆ ವೈಮಾನಿಕ ದೂರ 157 ಕಿ.ಮೀ.ನಷ್ಟು, ಆದರೆ ದೇವನಹಳ್ಳಿಗೆ ಹೋಗಿ ವಿಮಾನ ಹತ್ತುವ ಮೊದಲೇ ಎಕ್ಸ್‌ಪ್ರೆಸ್‌ವೇ ಹಿಡಿದ ಕಾರು ಮೈಸೂರು ಮುಟ್ಟಿರುತ್ತದೆ. ಹುಬ್ಬಳ್ಳಿಗೆ ವೈಮಾನಿಕ ದೂರ 370 ಕಿ.ಮೀ. 2023ರ ಜೂನ್‌ನಲ್ಲಿ ಧಾರವಾಡದ ವಂದೇ ಭಾರತ್ ಬಂದ ಮೇಲೆ ಅಲ್ಲೂ ವಿಮಾನದ ಮೇಲುಗೈ ತಗ್ಗಿದೆ. ಕಲಬುರಗಿಯ ಮಾತು ಬೇರೆ. ಅದು ಉತ್ತರಕ್ಕೆ 460 ಕಿ.ಮೀ. ದೂರದಲ್ಲಿದೆ, ರೈಲಿನಲ್ಲಿ ಒಂದು ಇಡೀ ರಾತ್ರಿ. 2019ರ ನವೆಂಬರಿನಲ್ಲಿ ಅಲ್ಲಿ ನಿಲ್ದಾಣ ತೆರೆದು, 2020ರಲ್ಲಿ ಬೀದರ್ ಕೂಡ ಸೇರಿದ್ದು ಕಲ್ಯಾಣ ಕರ್ನಾಟಕಕ್ಕೆ ನಿಜವಾದ ಅನುಕೂಲ. ದೇವನಹಳ್ಳಿ ಉತ್ತರಕ್ಕೇ ಇರುವುದರಿಂದ ಅಲ್ಲಿಗೆ ಹೋಗುವ ದಾರಿಯೂ ಪೂರ್ತಿ ನಷ್ಟವಲ್ಲ. ಕೇಂದ್ರ ಸರ್ಕಾರದ ಉಡಾನ್ ಯೋಜನೆ ಒಂದು ಗಂಟೆಯ, ಸುಮಾರು 500 ಕಿ.ಮೀ. ಹಾರಾಟಕ್ಕೆ 2,500 ರೂಪಾಯಿಯ ಮಿತಿಯನ್ನು ಲೆಕ್ಕವಾಗಿ ಇಟ್ಟುಕೊಂಡು ಶುರುವಾದದ್ದು ಇಂಥ ಊರುಗಳಿಗಾಗಿಯೇ.

ತೀರ ದೂರದ ತುದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇದೆ. ಬೆಂಗಳೂರಿನಿಂದ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ., ಹಾರಾಟ ಹದಿನೇಳು ಗಂಟೆಯ ಆಸುಪಾಸು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಬೋಯಿಂಗ್-777 ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ನಡೆಸಿ ಬೆಂಗಳೂರಿಗೆ ತಂದರು. ಗೋಡೆಯ ಭೂಪಟದಲ್ಲಿ ನೋಡಿದರೆ ಧ್ರುವದ ದಾರಿ ಸುತ್ತಾಗಿ ಕಾಣುತ್ತದೆ, ಗೋಳದ ಮೇಲೆ ದಾರ ಹಿಡಿದು ನೋಡಿದರೆ ಅದೇ ಹತ್ತಿರದ ದಾರಿ ಎಂಬುದು ತಿಳಿಯುತ್ತದೆ. ಅಷ್ಟು ಉದ್ದದ ಪ್ರಯಾಣದಲ್ಲಿ ಹೆಬ್ಬಾಳದ ಒಂದೂವರೆ ಗಂಟೆ ಯಾರಿಗೂ ನೆನಪಿರುವುದಿಲ್ಲ.

ಎರಡನೆಯ ನಿಲ್ದಾಣದ ಪ್ರಶ್ನೆ

ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣಕ್ಕಾಗಿ ರಾಜ್ಯ ಸರ್ಕಾರ 2025ರಲ್ಲಿ ಮೂರು ಜಾಗಗಳನ್ನು ಮುಂದಿಟ್ಟಿತು. ಎರಡು ಕನಕಪುರ ರಸ್ತೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ತಂಡ ಅವುಗಳನ್ನು ನೋಡಿ ಹೋಯಿತು. ದೇವನಹಳ್ಳಿ ನಿಲ್ದಾಣಕ್ಕಾಗಿ 2004ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನವನ್ನು ಬಿಟ್ಟು 150 ಕಿ.ಮೀ. ಒಳಗೆ, ಅದು ತೆರೆದ ಇಪ್ಪತ್ತೈದು ವರ್ಷದವರೆಗೆ, ಅಂದರೆ 2033ರವರೆಗೆ, ಬೇರೆ ಅಂತಾರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಕುಣಿಗಲ್ ರಸ್ತೆಯ ಜಾಗವೇ ಗಟ್ಟಿಯಾದರೆ ಅಲ್ಲಿಂದ ಬಜ್ಪೆಗೆ ವೈಮಾನಿಕ ದೂರ 260 ಕಿ.ಮೀ.ಗೆ ಹತ್ತಿರವಾಗುತ್ತದೆ. ಮೂಡಲಪಾಳ್ಯದವರು ಮಂಗಳೂರಿನ ದಿಕ್ಕಿಗೇ ಹೋಗಿ ವಿಮಾನ ಹತ್ತಬಹುದು, ಹೆಬ್ಬಾಳದ ಕಡೆ ತಿರುಗಬೇಕಾಗಿಲ್ಲ. ಕನಕಪುರ ರಸ್ತೆಯ ಜಾಗಗಳು ದಕ್ಷಿಣ ಬೆಂಗಳೂರಿಗೆ ಹತ್ತಿರ. ಮೂರರಲ್ಲಿ ಒಂದನ್ನು ಆರಿಸುವಾಗ ಜಮೀನಿನ ಬೆಲೆ, ಗುಡ್ಡಗಳ ಎತ್ತರ, ರೈತರ ಒಪ್ಪಿಗೆಗಳ ಜೊತೆಗೆ ಪ್ರತಿ ಬಡಾವಣೆಯಿಂದ ನಿಲ್ದಾಣಕ್ಕೆ ಹಿಡಿಯುವ ಕಾಲವನ್ನೂ ಬರೆದಿಟ್ಟು ಕೂಡಿಸಬೇಕು. 2008ರಲ್ಲಿ ಆ ಲೆಕ್ಕ ಯಾವ ಕೋಷ್ಟಕದಲ್ಲೂ ಇರಲಿಲ್ಲ, ಪಶ್ಚಿಮ ಬೆಂಗಳೂರು ಅದರ ಬೆಲೆಯನ್ನು ಇಂದಿಗೂ ರಿಂಗ್ ರೋಡಿನಲ್ಲಿ ತೆರುತ್ತಿದೆ.